ಅಂಚಿನಾಚೆಯ ತಗ್ಗು

ನಮ್ಮ ಪಿಟ್‌ಕಾರ್ನಿಯ ಗಾಲ್ಫ್ ಕ್ಲಬ್ಬಿಗೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ಒಂದು ಗುಟುಕು ವಿಸ್ಕಿ ಕೊಡುತ್ತಾರೆ, ಜೊತೆಗೆ ಗಿಬ್ಬಿ ಸ್ಮೀಟನ್ನನ ಕಥೆ ಹೇಳುತ್ತಾರೆ. ಪ್ರಾಮಾಣಿಕತೆ ಎಂದರೆ ಹೀಗಿರಬೇಕು ನೋಡಿ ಎಂದು ಕೊನೆಗೆ ಒಂದು ಮಾತು ಅಂಟಿಸುತ್ತಾರೆ. ಕೇಳಿದವರು ತಲೆದೂಗುತ್ತಾರೆ. ಆ ಹೊತ್ತಿಗೆ ನಾನು ಅಲ್ಲಿದ್ದರೆ ಎದ್ದು ಹೊರಗೆ ಹೋಗುತ್ತೇನೆ. ಅವರು ಹೇಳುವುದು ಸುಳ್ಳಲ್ಲ. ಆದರೆ ಅದು ಅರ್ಧ ಕಥೆ, ಅರ್ಧ ಕಥೆ ಹೇಳಿ ಪೂರ್ತಿ ನೀತಿ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಈಗ ಗಿಬ್ಬಿಯೂ ಇಲ್ಲ, ಅವನ ಹೆಂಡತಿ ಬೆಥಿಯಾಳೂ ಇಲ್ಲ. ಉಳಿದ ಅರ್ಧ ಗೊತ್ತಿರುವವಳು ನಾನೊಬ್ಬಳೇ. ನನ್ನ ಹೆಸರು ಎಲ್ಸಿ. ಚೆಂಡು ಬೀಳಿಸಬೇಕಾದ ಹದಿನೆಂಟು ಕುಳಿಗಳಲ್ಲಿ ಮೊದಲನೆಯದರ ಪಕ್ಕದ ಮರದ ಗೂಡಿನಲ್ಲಿ ಕೂತು, ಯಾರ ನಂತರ ಯಾರು ಆಟ ಶುರುಮಾಡಬೇಕು ಎಂದು ಕೂಗಿ ಕಳಿಸುವುದು ಬಹಳ ವರ್ಷ ನನ್ನ ಕೆಲಸವಾಗಿತ್ತು.

ಗಿಬ್ಬಿ ಗಾರೆ ಕೆಲಸದವನು. ಊರಿನ ಅರ್ಧ ಮನೆಗಳ ಒಳಗೋಡೆಗಳಿಗೆ ಅವನದೇ ಕೈ ಬಿದ್ದಿತ್ತು. ಗೋಡೆಯಲ್ಲಿ ಬಿರುಕು ಕಂಡರೆ ಆ ಕೈ ಸುಮ್ಮನಿರುತ್ತಿರಲಿಲ್ಲ. ಚರ್ಚಿನಲ್ಲಿ ಪಾದ್ರಿಗಳು ಪಾಪದ ಬಗ್ಗೆ ಗಂಟಲು ಹರಿದುಕೊಳ್ಳುತ್ತಿದ್ದರೆ ಇವನು ಪಕ್ಕದ ಕಂಬದ ಸುಲಿದ ಗಾರೆಯನ್ನು ಹೆಬ್ಬೆರಳಿನಲ್ಲಿ ಒತ್ತುತ್ತ ಕೂತಿರುತ್ತಿದ್ದ. ಬೇರೆಯವರ ಮದುವೆಗೆ ಹೋದರೂ ಅಷ್ಟೇ, ಛತ್ರದ ಗೋಡೆ ತಟ್ಟಿ ನೋಡಿ, ಒಳಗೆ ಟೊಳ್ಳಾಗಿದೆ ಎಂದು ಮದುಮಗನ ಅಪ್ಪನಿಗೆ ಹೇಳಿ ಬರುವವನು. ಹುಟ್ಟುಗುಣ ಸುಟ್ಟರೂ ಹೋಗದು.

ಗಾಲ್ಫ್ ಮೈದಾನದಲ್ಲಿಯೂ ಹಾಗೆಯೇ. ಕುಳಿಯ ಸುತ್ತ ಹುಲ್ಲನ್ನು ಚಾಪೆಯ ಹಾಗೆ ನುಣ್ಣಗೆ ಕತ್ತರಿಸಿರುತ್ತಾರಲ್ಲ, ಅದಕ್ಕೆ ಗ್ರೀನ್ ಎನ್ನುತ್ತೇವೆ. ಮೇಲಿನಿಂದ ಚೆಂಡು ಬಿದ್ದಾಗ ಗ್ರೀನ್ ಮೇಲೆ ಸಣ್ಣ ತಗ್ಗು ಬೀಳುತ್ತದೆ. ಅದನ್ನು ಎರಡು ಹಲ್ಲಿನ ಪುಟ್ಟ ಫೋರ್ಕಿನಿಂದ ಸರಿಮಾಡಿ ಮುಂದೆ ಹೋಗಬೇಕು. ಸೋಮಾರಿಗಳು ಬಿಟ್ಟು ಹೋಗುತ್ತಾರೆ. ಗಿಬ್ಬಿ ತನ್ನದನ್ನು ಮುಗಿಸಿ, ಅವರಿವರು ಬಿಟ್ಟು ಹೋದದ್ದನ್ನೂ ಹುಡುಕಿ ಸರಿಮಾಡುತ್ತಿದ್ದ. ಕೆಳಗಿನಿಂದ ಮೀಟಿ ಎತ್ತಿದರೆ ಬೇರು ಹರಿಯುತ್ತದೆ, ಸುತ್ತಲಿನಿಂದ ನಡುವಿಗೆ ದೂಡಬೇಕು ಎಂದು ಬಗ್ಗಿದಲ್ಲಿಂದಲೇ ಪಾಠ ಹೇಳುತ್ತಿದ್ದ. ಬೆಥಿಯಾ ಮುಂದಿನ ಕುಳಿಯ ಹತ್ತಿರ ನಿಂತು ಕೂಗುತ್ತಿದ್ದಳು.

"ಏಯ್ ಗಿಬ್ಬಿ! ಅಲ್ಲೇ ಗುಡಿಸಿ ಸಾರಿಸಿ ರಂಗೋಲಿ ಹಾಕಿ ಬರ್ತೀಯೋ, ಇಲ್ಲಾ ಆಡೋಕ್ ಬರ್ತೀಯೋ?"

ಒಂದು ನಿಯಮ ಇಲ್ಲೇ ಹೇಳಿಬಿಡುತ್ತೇನೆ. ಗ್ರೀನ್ ಮೇಲಿನ ತಗ್ಗನ್ನು ಯಾರು ಬೇಕಾದರೂ ಸರಿಮಾಡಬಹುದು, ಅದು ಪುಣ್ಯದ ಕೆಲಸ. ಆದರೆ ಗ್ರೀನ್‌ನ ಅಂಚು ದಾಟಿ ಬೆರಳಗಲ ಹೊರಗಿದ್ದರೂ, ನಿಮ್ಮ ಚೆಂಡು ಸಾಗಬೇಕಾದ ದಾರಿಯಲ್ಲಿರುವ ಹಳೆಯ ತಗ್ಗನ್ನು ಮುಟ್ಟುವಂತಿಲ್ಲ. ಇದ್ದದ್ದು ಇದ್ದ ಹಾಗೆ ಆಡಬೇಕು. ಜೋಡಿಗಳು ಎದುರುಬದುರಾಗಿ ಆಡುವಾಗ ಕಡಿಮೆ ಹೊಡೆತದಲ್ಲಿ ಚೆಂಡು ಹಾಕಿದವರು ಆ ಕುಳಿ ಗೆದ್ದಂತೆ, ಹೆಚ್ಚು ಕುಳಿ ಗೆದ್ದವರು ಪಂದ್ಯ ಗೆದ್ದಂತೆ; ಅಂಥ ತಗ್ಗು ಮುಟ್ಟಿದರೆ ಆ ಕುಳಿ ಎದುರಾಳಿಗೆ ಹೋಗುತ್ತದೆ. ಒಂದೇ ಕೆಲಸ, ಗೆರೆಯ ಈಚೆ ಪುಣ್ಯ, ಆಚೆ ಪಾಪ. ಯಾರು ಮಾಡಿದರೋ ಈ ನಿಯಮ, ಅವರನ್ನು ಕೇಳಬೇಕು.

ಬೆಥಿಯಾ ನನ್ನ ಶಾಲೆಯ ಗೆಳತಿ. ಬಂದರಿನ ಮೇಲಿನ ಬೇಕರಿಯಲ್ಲಿ ಮಾಂಸ ತುಂಬಿದ ಬ್ರೈಡಿ ಮಾರುತ್ತಿದ್ದಳು. ಅವಳ ನಾಲಿಗೆಗೆ ಹೆದರಿ ನಾಯಿಗಳೂ ಸಾಲಿನಲ್ಲಿ ನಿಲ್ಲುತ್ತಿದ್ದವು. ಅವರಿಬ್ಬರು ಭೇಟಿಯಾದದ್ದೂ ಒಂದು ನಿಯಮದಿಂದಲೇ. ನಮ್ಮ ಮೈದಾನದ ಮೂರನೆಯ ಕುಳಿಯ ಪಕ್ಕ ಬಟ್ಟೆ ಒಣಹಾಕುವ ಕಂಬಗಳಿವೆ. ಅಲ್ಲಿ ಬಟ್ಟೆ ಹರವುವುದು ಊರಿನ ಹೆಂಗಸರ ಹಕ್ಕು, ಗಾಲ್ಫಿಗಿಂತ ಹಳೆಯ ಹಕ್ಕು ಎಂದು ನಮ್ಮಜ್ಜಿಯರು ಹೇಳುತ್ತಿದ್ದರು. ಒಂದು ದಿನ ಗಿಬ್ಬಿಯ ಚೆಂಡು ಬೆಥಿಯಾಳ ಅಮ್ಮನ ಹಾಸಿಗೆ ಬಟ್ಟೆಯ ಮಡಿಕೆಯಲ್ಲಿ ಹೋಗಿ ಕೂತಿತು. ಆಗ ಅವನು ಕೆಲಸ ಕಲಿಯುತ್ತಿದ್ದ ಹುಡುಗ, ಗಾರೆ ಮೆತ್ತಿದ ಕೈಯಲ್ಲೇ ಆಡಲು ಬಂದಿದ್ದ.

"ಕಂಬ ಅಲುಗಾಡದ ಅಡ್ಡಿ, ಬಟ್ಟೆ ಅಲುಗಾಡೋ ಅಡ್ಡಿ. ಅಲುಗಾಡೋದನ್ನ ಎತ್ತಬಹುದು ಅಂತ ನಿಯಮ ಇದೆ," ಎಂದ.

"ಎತ್ತು ನೋಡೋಣ," ಎಂದಳು ಬೆಥಿಯಾ, ಬುಟ್ಟಿ ಸೊಂಟಕ್ಕಿಟ್ಟುಕೊಂಡು.

ಪುಣ್ಯಾತ್ಮ ಎತ್ತಿಯೇಬಿಟ್ಟ. ಬಿಳಿಯ ಬಟ್ಟೆಯ ಮೇಲೆ ಐದು ಬೆರಳೂ ಅಚ್ಚೊತ್ತಿದವು. ಅವತ್ತು ಅವನು ಆಟ ಮುಗಿಸಲಿಲ್ಲ. ಬೆಥಿಯಾಳ ಅಮ್ಮನ ಮನೆಯ ಹಿತ್ತಲಲ್ಲಿ ಕೂತು ಬಟ್ಟೆ ಒಗೆದ. ಒಗೆಯುವಾಗ ಹಿತ್ತಲ ಗೋಡೆಯಲ್ಲಿ ಬಿರುಕು ಕಂಡಿತಂತೆ, ಮರುದಿನ ಕರಣೆ ಹಿಡಿದು ಬಂದ. ಮುಂದಿನ ಬೇಸಿಗೆಯಲ್ಲಿ ಮದುವೆಯಾಯಿತು.

ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವಳು ಮಾತಾಡುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಇಬ್ಬರೂ ಆಡಿಕೊಂಡಿದ್ದರು. ನಮ್ಮಲ್ಲಿ ಗಂಡು ಹೆಣ್ಣು ಜೋಡಿಯಾಗಿ ಆಡುವ ಪಂದ್ಯವೊಂದಿದೆ, ಹೆರಿಂಗ್ ಕಪ್ ಎಂದು. ಇಬ್ಬರಿಗೂ ಸೇರಿ ಒಂದೇ ಚೆಂಡು. ಒಂದು ಸಲ ಅವನು ಹೊಡೆದರೆ ಮುಂದಿನ ಸಲ ಅವಳು. ಅವನು ಪೊದೆಗೆ ಹೊಡೆದದ್ದನ್ನು ಅವಳು ಪೊದೆಯಿಂದ ತೆಗೆಯಬೇಕು. ಸಂಸಾರ ಒಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಆಟ ಬೇರೆ ಇಲ್ಲ. ಹೆಚ್ಚಿನ ಜೋಡಿಗಳು ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ಆಡಿ, ಕೊನೆಯ ಕುಳಿಯ ಹೊತ್ತಿಗೆ ಮಾತು ಬಿಟ್ಟಿರುತ್ತಾರೆ. ಬೆಥಿಯಾ ಮಾತ್ರ ಮೊದಲ ಕುಳಿಯಿಂದ ಕೊನೆಯವರೆಗೂ ಬೈದು, ಕ್ಲಬ್ಬಿಗೆ ಬಂದು ಗಂಡನ ತಟ್ಟೆಯಿಂದಲೇ ಆಲೂಗಡ್ಡೆ ಎತ್ತಿ ತಿನ್ನುತ್ತಿದ್ದಳು. ಅವಳು ಬೈಯುತ್ತಿದ್ದಾಳೆ ಎಂದರೆ ಎಲ್ಲ ಸರಿಯಾಗಿದೆ ಎಂದೇ ಅರ್ಥ. ಗಿಬ್ಬಿಗೂ ಅದು ಗೊತ್ತಿತ್ತು.

ಕಪ್ ಗೆದ್ದವರ ಹೆಸರನ್ನು ಕ್ಲಬ್ಬಿನ ನಡುಮನೆಯಲ್ಲಿ ಮರದ ಹಲಗೆಯ ಮೇಲೆ ಚಿನ್ನದ ಬಣ್ಣದಲ್ಲಿ ಬರೆಯುತ್ತಾರೆ. ಬೆಥಿಯಾಳ ಅಮ್ಮನ ಹೆಸರು ಅಲ್ಲಿದೆ, ಅಕ್ಕನ ಹೆಸರಿದೆ, ಅವಳದಿರಲಿಲ್ಲ. ಎಷ್ಟೋ ಸಲ ಕೊನೆಯ ಪಂದ್ಯದವರೆಗೆ ಬಂದು ಸೋತಿದ್ದರು. "ಗೋರಿಕಲ್ಲಿನ ಮೇಲೆ ಹೆಸರು ಹಾಕಿಸ್ಕೊಳ್ಳೋಕ್ ಮುಂಚೆ ಅಲ್ಲಿ ಹಾಕಿಸ್ಕೋಬೇಕು ಕಣೇ," ಎಂದು ನಗುತ್ತಿದ್ದಳು. ಆಗ ಅದು ಬರೀ ತಮಾಷೆಯಾಗಿತ್ತು.

ಒಂದು ವಸಂತದಲ್ಲಿ ಅವಳಿಗೆ ಹೊಟ್ಟೆನೋವು ಶುರುವಾಯಿತು. ಬೇಕರಿಯವಳಿಗೆ ಹೊಟ್ಟೆನೋವೇ ಎಂದು ನಾನೇ ಚುಡಾಯಿಸಿದೆ. ಡಂಡೀಯ ಆಸ್ಪತ್ರೆಗೆ ಹೋಗಿ ಬಂದ ಮೇಲೆ ಯಾರೂ ಚುಡಾಯಿಸಲಿಲ್ಲ. ಹೊಟ್ಟೆಯೊಳಗೆ ಗಡ್ಡೆ, ಕತ್ತರಿಸಲಾಗದ ಜಾಗದಲ್ಲಿ. ಕ್ರಿಸ್ಮಸ್ ನೋಡುವುದು ಕಷ್ಟ ಎಂದರು. ಅವಳು ಬಸ್ಸಿನಿಂದ ಇಳಿದವಳೇ ನೇರವಾಗಿ ನನ್ನ ಗೂಡಿಗೆ ಬಂದು, "ಹೆರಿಂಗ್ ಕಪ್ಪಿಗೆ ನಮ್ಮ ಹೆಸರು ಬರ್ಕೋ," ಎಂದಳು.

"ಹುಚ್ಚಾ ನಿಂಗೆ?" ಎಂದೆ.

"ಹುಚ್ಚಿಲ್ಲ, ಹೊತ್ತಿಲ್ಲ. ಬರ್ಕೋ."

ಗಿಬ್ಬಿ ಅವಳ ಹಿಂದೆ ನಿಂತಿದ್ದ. ಅವಳು ಅತ್ತ ತಿರುಗಿದಾಗ ನನ್ನ ಕಡೆ ಬಗ್ಗಿ, "ಈ ಸಲ ಗೆಲ್ಲಿಸ್ತೀನಿ ಎಲ್ಸಿ. ಬೇರೇನೂ ನನ್ನ ಕೈಲಿಲ್ಲ. ಇದೊಂದು ಮಾಡ್ತೀನಿ," ಎಂದ. ಅವನು ಹಾಗೆ ಮಾತು ಕೊಡುವ ಗಂಡಸಲ್ಲ. ಅವತ್ತು ಕೊಟ್ಟ.

ಆ ಬೇಸಿಗೆಯೆಲ್ಲ ಮಳೆಯೇ ಬರಲಿಲ್ಲ. ಅವರು ಒಂದೊಂದೇ ಸುತ್ತು ಗೆಲ್ಲುತ್ತ ಹೋದರು. ಅವಳು ದಿನದಿಂದ ದಿನಕ್ಕೆ ಸಣ್ಣಗಾಗುತ್ತ ಹೋದಳು. ದೂರದ ಹೊಡೆತಕ್ಕೆ ಬಲ ಸಾಲುತ್ತಿರಲಿಲ್ಲ, ಆದರೆ ಗ್ರೀನ್ ಹತ್ತಿರದ ಹೊಡೆತಗಳು ಅಷ್ಟು ಚೊಕ್ಕವಾಗಿ ಎಂದೂ ಬಂದಿರಲಿಲ್ಲ. ಕೊನೆಯ ಪಂದ್ಯ ಸೆಪ್ಟೆಂಬರಿನಲ್ಲಿ. ಎದುರಾಳಿಗಳು ಹಲ್ಲಿನ ಡಾಕ್ಟರು ಹೆಕ್ಟರ್ ಇಮ್ರಿ ಮತ್ತು ಅವರ ಮಗಳು ಮೊರ್ವೆನ್. ಇಬ್ಬರೂ ಒಳ್ಳೆಯವರು. ಕೆಟ್ಟವರಾಗಿದ್ದರೆ ಚೆನ್ನಾಗಿತ್ತು, ಬೈಯಲು ಯಾರಾದರೂ ಸಿಗುತ್ತಿದ್ದರು. ನಾನು ಬೆಥಿಯಾ ಕೂರಲೆಂದು ಮಡಿಸುವ ಸ್ಟೂಲು, ಫ್ಲಾಸ್ಕಿನಲ್ಲಿ ಚಹಾ ಹಿಡಿದು ಜೊತೆಗೆ ನಡೆದೆ. ಊರಿನವರು ಒಂದಷ್ಟು ಮಂದಿ ಹಿಂದೆ ಬಂದರು. ಯಾಕೆ ಬಂದಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು.

ಹದಿನಾರನೆಯ ಗ್ರೀನ್ ಹತ್ತಿರ ಒಂದು ಪ್ರಸಂಗ ನಡೆಯಿತು. ನೀರು ಚಿಮ್ಮಿಸುವ ಕೊಳವೆಯ ಕಬ್ಬಿಣದ ಮುಚ್ಚಳ ಗಿಬ್ಬಿ ಬೆಥಿಯಾರ ಚೆಂಡಿಗೂ ಕುಳಿಗೂ ನಡುವೆ ಅಡ್ಡ ಬಂತು. ನಮ್ಮ ಕ್ಲಬ್ಬಿನ ನಿಯಮದಂತೆ, ಗ್ರೀನ್ ಪಕ್ಕದ ಅಂಥ ಮುಚ್ಚಳಕ್ಕೂ ಚೆಂಡಿಗೂ ನಡುವೆ ಚೆಂಡು ಹೊಡೆಯುವ ಎರಡು ಕೋಲಿನ ಉದ್ದಕ್ಕಿಂತ ಹೆಚ್ಚು ದೂರ ಇರದಿದ್ದರೆ, ದಂಡವಿಲ್ಲದೆ ಚೆಂಡನ್ನು ಎತ್ತಿ ಪಕ್ಕಕ್ಕೆ ಬೀಳಿಸುವ ವಿನಾಯಿತಿ ಇದೆ. ಡಾಕ್ಟರು ಕಣ್ಣಳತೆಯಲ್ಲೇ ನೋಡಿ, "ಹತ್ರಾನೇ ಇದೆ, ಎತ್ತಿ ಬೀಳ್ಸಿ," ಎಂದರು. ಗಿಬ್ಬಿ ಸುಮ್ಮನಿರಬೇಕೋ ಬೇಡವೋ? ನೆಲದ ಮೇಲೆ ಕೋಲು ಮಲಗಿಸಿ ಅಳೆದ. ಅಂಗೈಯಗಲ ಹೆಚ್ಚಿತ್ತು.

"ಇಲ್ಲ ಡಾಕ್ಟ್ರೇ, ನಮಗೆ ಬರಲ್ಲ," ಎಂದ.

"ಅಯ್ಯೋ ನಿನ್ನ ಅಳತೆಗೆ ಬೆಂಕಿ ಹಾಕ!" ಎಂದು ಬೆಥಿಯಾ ಸ್ಟೂಲಿನಿಂದಲೇ ಕೂಗಿದಳು. "ಅವರೇ ಕೊಡ್ತೀನಿ ಅಂದ್ರೂ ಬೇಡ ಅಂತೀಯಲ್ಲೋ. ಸ್ವರ್ಗದ ಬಾಗ್ಲಲ್ಲೂ ಚೌಕಟ್ಟು ಅಳೆದು, ಸೊಟ್ಟ ಇದೆ ಅಂತ ವಾಪಸ್ ಬರ್ತೀಯಾ ನೀನು. ಸರಿ ಅತ್ಲಾಗಿ!"

ಎದ್ದು ಹೋಗಿ ಮುಚ್ಚಳದ ಮೇಲಿನಿಂದಲೇ ಚೆಂಡು ಹಾರಿಸಿ ಕುಳಿಯ ಹತ್ತಿರ ನಿಲ್ಲಿಸಿದಳು. ಜನ ಚಪ್ಪಾಳೆ ತಟ್ಟಿದರು. ಗಿಬ್ಬಿಯ ಮುಖ ಅರಳಿತು. ಅವಳು ಅವನನ್ನು ಮನಸಾರೆ ಬೈದದ್ದು ಅದೇ ಕೊನೆ. ಆಗ ನನಗೆ ಗೊತ್ತಾಗಲಿಲ್ಲ.

ಕೊನೆಯ ಕುಳಿಗೆ ಬರುವಾಗ ಎರಡೂ ಜೋಡಿ ಸಮಸಮ. ಡಾಕ್ಟರ ಜೋಡಿ ನಾಲ್ಕು ಹೊಡೆತಕ್ಕೆ ಮುಗಿಸಿತು. ಇವರದು ಎರಡು ಹೊಡೆತ ಆಗಿತ್ತು, ಚೆಂಡು ಗ್ರೀನ್‌ನಿಂದ ಸ್ವಲ್ಪ ಹೊರಗೆ ಕೂತಿತ್ತು, ಮುಂದಿನ ಸರದಿ ಬೆಥಿಯಾಳದು. ಒಂದೇ ಹೊಡೆತದಲ್ಲಿ ಕುಳಿಗೆ ಹಾಕಿದರೆ ಕಪ್ ಅವರದು. ದಿಬ್ಬ ಹತ್ತುವಾಗ ಅವಳಿಗೆ ಉಸಿರು ಸಾಲದೆ ನನ್ನ ತೋಳು ಹಿಡಿದಳು. ಗಿಬ್ಬಿ ತಿರುಗಿ ತಿರುಗಿ ಅವಳನ್ನೇ ನೋಡುತ್ತ ಮುಂದೆ ಹೋದ. ಕೋಲುಗಳ ಚೀಲವನ್ನು ಗ್ರೀನ್ ಪಕ್ಕ ಇಟ್ಟ. ಚೀಲದ ಮುಂದೆ ನೆಲದಲ್ಲಿ ಯಾರೋ ಸೋಮಾರಿ ಬಿಟ್ಟುಹೋದ ತಗ್ಗೊಂದಿತ್ತು. ಅವನ ಕಣ್ಣು ಹೆಂಡತಿಯ ಮೇಲಿತ್ತು. ಕೈ ತಾನಾಗಿ ಜೇಬಿಗೆ ಹೋಯಿತು, ಫೋರ್ಕು ಬಂತು, ಬಗ್ಗಿದ, ಸುತ್ತಲಿನಿಂದ ನಡುವಿಗೆ ದೂಡಿ, ಬೂಟಿನಿಂದ ಮೆಲ್ಲಗೆ ಒತ್ತಿ ಎದ್ದ. ಅವನು ಬಗ್ಗಿದ್ದನ್ನು ನಾನೂ ನೋಡಿದೆ. ದಿನಾ ನೋಡುವ ಕೆಲಸ, ಅದರಲ್ಲೇನಿದೆ? ಆ ವರ್ಷದ ಬಿಸಿಲಿಗೆ ಗ್ರೀನೂ ಒಂದೇ, ಅದರ ಹೊರಗಿನ ಅಂಚೂ ಒಂದೇ, ಎರಡೂ ಬ್ರೆಡ್ಡಿನ ಮೇಲ್ಮೈ ಹಾಗೆ ಕಂದಾಗಿ ಹೋಗಿದ್ದವು.

ಬೆಥಿಯಾ ನನ್ನ ತೋಳು ಬಿಟ್ಟಳು. ಚೆಂಡಿನ ಹತ್ತಿರ ನಿಂತು ಬಹಳ ಹೊತ್ತು ಆ ದಾರಿಯನ್ನೇ ನೋಡಿದಳು. ಆಮೇಲೆ ಹೊಡೆದಳು. ಚೆಂಡು ಸಣ್ಣಗೆ ನೆಗೆದು ಅಂಚಿನಲ್ಲಿ ಬಿದ್ದು, ಉರುಳಿ, ಉರುಳಿ, ಎಡಕ್ಕೆ ಬಾಗಿ ಕುಳಿಯೊಳಗೆ ಇಳಿಯಿತು.

ಜನ ಕೂಗಿದ ಕೂಗು ಬಂದರಿನವರೆಗೆ ಕೇಳಿಸಿತಂತೆ. ನಾನು ಫ್ಲಾಸ್ಕು ಎಸೆದು ಅವಳನ್ನು ತಬ್ಬಿಕೊಂಡೆ. ಕೈಗೆ ಬರೀ ಮೂಳೆ ಸಿಕ್ಕಿತು. ಅವಳು ನಗುತ್ತಿರಲಿಲ್ಲ. ನನ್ನ ಹೆಗಲ ಮೇಲಿಂದ ಗಂಡನನ್ನು ನೋಡುತ್ತಿದ್ದಳು.

ಗಿಬ್ಬಿ ಚೀಲ ಎತ್ತಿಕೊಳ್ಳಲು ಹೋದವನು ಅಲ್ಲೇ ನಿಂತುಬಿಟ್ಟಿದ್ದ. ನೆಲ ನೋಡುತ್ತಿದ್ದ. ಹುಲ್ಲು ಕತ್ತರಿಸುವ ಯಂತ್ರದ ಗೆರೆ ಅಲ್ಲಿಂದ ಸರಿಯಾಗಿ ಕಾಣುತ್ತದೆ. ತಾನು ಸರಿಮಾಡಿದ ತಗ್ಗು ಆ ಗೆರೆಯ ಆಚೆ, ಗ್ರೀನ್ ಹೊರಗಿತ್ತು. ಅವಳ ಚೆಂಡು ಅದರ ಮೇಲೆಯೇ ಹಾದು ಹೋಗಿತ್ತು. ಅವನು ಗ್ರೀನ್ ದಾಟಿ ನಮ್ಮ ಕಡೆ ಬಂದ. ಡಾಕ್ಟರು ಕೈ ಚಾಚಿಕೊಂಡು ಎದುರಿಗೆ ಬಂದರು.

ಬೆಥಿಯಾ ಮೆಲ್ಲಗೆ ಅಂದಳು. "ಗಿಬ್ಬಿ, ಬೇಡ."

ಅವಳ ಬಾಯಿ ನನ್ನ ಕಿವಿಯ ಹತ್ತಿರವೇ ಇತ್ತು, ನನಗೆ ಚೆನ್ನಾಗಿ ಕೇಳಿಸಿತು. ಕಡಲ ಕಡೆಯಿಂದ ಗಾಳಿ ಬೀಸುತ್ತಿತ್ತು. ಗಿಬ್ಬಿ ನಾಲ್ಕು ಹೆಜ್ಜೆ ಆಚೆ ಇದ್ದ. ಅವನು ಅವಳ ಕಡೆ ನೋಡಲಿಲ್ಲ.

"ಕೈ ಕೊಡ್ಬೇಡಿ ಡಾಕ್ಟ್ರೇ," ಎಂದ. "ಅಲ್ಲೊಂದು ತಗ್ಗು ಮುಚ್ಚಿದೆ. ಅದು ಹೊರಗಡೆ ಇದೆ. ನಮ್ಮ ದಾರೀಲೇ ಇದೆ. ಕುಳಿ ನಿಮ್ಮದು."

ಡಾಕ್ಟರು ಚಾಚಿದ ಕೈಯನ್ನು ಹಾಗೆಯೇ ಹಿಡಿದು, "ಗಿಬ್ಬಿ, ನಾನೇನೂ ನೋಡಿಲ್ಲ. ಮೊರ್ವೆನ್ನೂ ನೋಡಿಲ್ಲ. ದಮ್ಮಯ್ಯ, ಕೈ ಕೊಡಪ್ಪಾ," ಎಂದರು.

"ನೋಡದೇ ಇರೋದು ಬೇರೆ. ಗೊತ್ತಾದ ಮೇಲೆ ಇಬ್ರೂ ಸೇರಿ ಮುಚ್ಚಾಕೋದು ಬೇರೆ. ಹಾಗ್ ಮಾಡಿದ್ರೆ ನಿಯಮದ ಪ್ರಕಾರ ಎರಡು ಜೋಡೀನೂ ಹೊರಗೆ."

ಅವನು ಹೇಳಿದ್ದು ಸರಿ. ಅದೇ ನಿಯಮ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಎನ್ನುತ್ತಾರೆ. ಅವತ್ತು ಎರಡೂ ಒಟ್ಟಿಗೇ ಆಯಿತು. ಡಾಕ್ಟರು ಎಲ್ಲರೆದುರು ಅತ್ತುಬಿಟ್ಟರು. ಮೊದಲು ಹೋಗಿ ಅವರ ಕೈ ಹಿಡಿದವಳು ಬೆಥಿಯಾ. "ಚೆನ್ನಾಗ್ ಆಡಿದ್ರಿ ಡಾಕ್ಟ್ರೇ. ಮೊರ್ವೆನ್, ನೀನೂ ಕಣಮ್ಮಾ," ಎಂದಳು. ಗಿಬ್ಬಿಯ ತೋಳು ಹಿಡಿದು ಕ್ಲಬ್ಬಿನ ಕಡೆ ನಡೆದಳು. ಈಗ ಬೈಯುತ್ತಾಳೆ, ಈಗ ಬೈಯುತ್ತಾಳೆ ಎಂದು ನಾನು ಹಿಂದಿನಿಂದ ಕಾಯುತ್ತಿದ್ದೆ. ಅವಳು ಬೈಯಲಿಲ್ಲ.

ಕ್ಲಬ್ಬಿನವರ ಕಥೆ ಇಲ್ಲಿಗೆ ಮುಗಿಯುತ್ತದೆ.

ಮರುವಾರದಿಂದ ಅವಳು ಹಾಸಿಗೆ ಹಿಡಿದಳು. ಕಡಲು ಕಾಣುವ ಮುಂದಿನ ಕೋಣೆಗೆ ಮಂಚ ತಂದು ಹಾಕಿದ ಗಿಬ್ಬಿ ಕೆಲಸ ಬಿಟ್ಟು, ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ನಾನು ದಿನಾ ಸಾರು ಮಾಡಿಕೊಂಡು ಹೋಗುತ್ತಿದ್ದೆ. ಆ ಮನೆಯಲ್ಲಿ ಏನೋ ಸರಿಯಿಲ್ಲ ಅನಿಸುತ್ತಿತ್ತು. ಸಾಯುವವರ ಮನೆ ಎಂಬುದಷ್ಟೇ ಅಲ್ಲ. ಅವನು ಚಹಾ ಕೊಟ್ಟರೆ ಅವಳು "ಥ್ಯಾಂಕ್ಸ್ ಗಿಬ್ಬಿ" ಎನ್ನುತ್ತಿದ್ದಳು. ದಿಂಬು ಸರಿಮಾಡಿದರೆ, "ನಿಂಗೆ ತೊಂದ್ರೆ." ಮದುವೆಯಾದಾಗಿನಿಂದ ಅವಳ ಬಾಯಲ್ಲಿ ಬರದ ಮಾತುಗಳು. ಅವನೂ ಅಷ್ಟೇ ಮೆತ್ತಗೆ ಮಾತಾಡುತ್ತಿದ್ದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಜಗಳವೇ ಇಲ್ಲದ ಮನೆಗೆ ಯಾವ ಗಾದೆ ಹೇಳುವುದು?

ಒಂದು ಮಧ್ಯಾಹ್ನ ಗಿಬ್ಬಿ ಹಾಲು ತರಲು ಹೋಗಿದ್ದ. ಬೆಥಿಯಾ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡಳು.

"ಎಲ್ಸಿ, ನಾನು ನೋಡಿದ್ದೆ ಕಣೇ."

"ಏನ್ ನೋಡಿದ್ದೆ?"

"ಅವನು ಬಗ್ಗಿದ್ದು. ಹೊಡಿಯೋಕ್ ಮುಂಚೇನೇ ನೋಡಿದ್ದೆ. ಗೆರೆ ಆಚೆ ಅಂತ ಗೊತ್ತಾಯ್ತು. ಗೊತ್ತಿದ್ದೂ ಹೊಡ್ದೆ. ಒಂದೇ ಒಂದ್ಸಲ ನಂಗೆ ಬೇಕಾಗಿತ್ತು."

ನಾನು ಅವಳ ತಲೆ ಸವರಿದೆ.

"ಬೇಡ ಅಂತ ಬೇರೆ ಅಂದೆ. ಪುಣ್ಯ, ಅವನಿಗೆ ಕೇಳಿಸ್ಲಿಲ್ಲ. ಅವನಿಗೆ ಹೇಳ್ಬೇಡ ಆಯ್ತಾ? ನನ್ನನ್ನ ಏನೋ ಅಂದ್ಕೊಂಡಿದಾನೆ ಅವನು. ಹಾಗೇ ಇರ್ಲಿ. ಬಾಯಿ ತುಂಬ ಬೈಬೇಕು ಅನ್ಸುತ್ತೆ ಎಲ್ಸಿ, ಯಾವ ಮುಖ ಇಟ್ಕೊಂಡು ಬೈಲಿ? ಅವನ ಮುಖ ನೋಡಿದ್ರೆ ನಾಚಿಕೆ ಆಗುತ್ತೆ."

ಇದನ್ನು ಯಾರಾದರೂ ಕಳ್ಳಾಟ ಎನ್ನುವುದಾದರೆ ನನ್ನ ಎದುರಿಗೆ ಬಂದು ಎನ್ನಲಿ. ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟೆ. ಗಿಬ್ಬಿ ಹಾಲು ತಂದ. ಅವಳು ಥ್ಯಾಂಕ್ಸ್ ಎಂದಳು.

ನವೆಂಬರಿನ ಒಂದು ಬೆಳಿಗ್ಗೆ, ಕಡಲ ಮಂಜು ಕಿಟಕಿಯವರೆಗೆ ಬಂದಿದ್ದಾಗ, ಬೆಥಿಯಾ ಹೋದಳು. ಹಲಗೆಯ ಮೇಲೆ ಡಾಕ್ಟರ ಮತ್ತು ಮೊರ್ವೆನ್ನಳ ಹೆಸರು ಬಂತು. ಡಾಕ್ಟರು ಅದರ ಮುಂದೆ ಹಾಯುವಾಗ ಈಗಲೂ ತಲೆ ತಗ್ಗಿಸುತ್ತಾರೆ.

ಗಿಬ್ಬಿ ಮೈದಾನಕ್ಕೆ ಬರುವುದನ್ನು ಬಿಟ್ಟ. ಕ್ಲಬ್ಬಿನವರು ಅವನಿಗೊಂದು ಸನ್ಮಾನ ಮಾಡುತ್ತೇವೆಂದು ಮನೆಗೆ ಹೋದರಂತೆ, ಬಾಗಿಲು ತೆಗೆಯಲಿಲ್ಲ. ಮರುವರ್ಷ ನಮ್ಮ ಅಡುಗೆಮನೆಯ ಗೋಡೆ ಒದ್ದೆಯಾಗಿ ಗಾರೆ ಉದುರತೊಡಗಿತು. ಬೇರೆಯವರನ್ನು ಕರೆಯಬಹುದಿತ್ತು, ಅವನನ್ನೇ ಕರೆದೆ. ಬಂದ. ಹಳೆಯದನ್ನು ಕೆರೆದು ತೆಗೆದು ಹೊಸ ಗಾರೆ ಎಳೆಯುತ್ತಿದ್ದ. ನಾನು ಚಹಾ ಮಾಡಿ ತಂದೆ. ಅವನು ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದ.

"ಎಲ್ಸಿ, ಕೊನೇಲಿ ಅವಳು ನನ್ ಬಗ್ಗೆ ಏನಾದ್ರೂ ಅಂದ್ಲಾ?"

"ಏನಂತ?"

"ಸಿಟ್ಟಿತ್ತಾ?"

ಅವನ ಮನಸ್ಸಿಗೆ ಸಮಾಧಾನವಾಗಲಿ ಎಂದು ನಾನು ಹೇಳಿದೆ. "ಇಲ್ಲ ಗಿಬ್ಬಿ. ಅವತ್ತು ಅವಳು ಬೇಡ ಅಂದದ್ದು ನಿಂಗೆ ಕೇಳಿಸ್ಲಿಲ್ಲ ಅಂತ ಅವಳಿಗೆ ಗೊತ್ತಿತ್ತು."

ಕರಣೆ ನಿಂತಿತು.

"ಕೇಳಿಸ್ತು," ಎಂದ.

ನಾನು ಚಹಾದ ಬಟ್ಟಲನ್ನು ಕೆಳಗಿಟ್ಟೆ.

"ಚೆನ್ನಾಗೇ ಕೇಳಿಸ್ತು. ಕೇಳಿಸಿಯೇ ಹೇಳ್ದೆ. ಅವಳಿಗೋಸ್ಕರ ಸುಮ್ನಿರ್ಬಹುದಿತ್ತು. ಸುಮ್ನಿದ್ದಿದ್ರೆ ಆ ಹಲಗೆ ಮೇಲೆ ಅವಳ ಹೆಸರು ನೋಡೋಕೆ ನನ್ ಕೈಲಿ ಆಗ್ತಿರ್ಲಿಲ್ಲ. ನನಗೋಸ್ಕರ ಹೇಳ್ದೆ ಎಲ್ಸಿ. ಆಮೇಲೆ, ಕೇಳಿಸ್ತು ಅಂತ ಹೇಳಿದ್ರೆ ಅವಳಿಗೆ ಅವಮಾನ ಆ‌ಗುತ್ತೆ ಅಂತ ಕೇಳಿಸ್ದೇ ಇರೋನ ಹಾಗೆ ಇದ್ದೆ." ಉಸಿರು ಎಳೆದುಕೊಂಡ. "ಒಂದು ಬೈಗುಳ ಬೈಲಿಲ್ಲ ಕಣೇ ಅವಳು. ನನ್ ಮೇಲೆ ಮನಸ್ಸೇ ಹೋಗ್ಬಿಟ್ಟಿತ್ತು. ಚಹಾ ಕೊಟ್ರೆ ಥ್ಯಾಂಕ್ಸ್ ಅಂತಿದ್ಲು, ಬಸ್ಸಲ್ಲಿ ಜಾಗ ಬಿಟ್ಟೋರಿಗೆ ಹೇಳೋ ಹಾಗೆ."

ಸತ್ತವರಿಗೆ ಕೊಟ್ಟ ಮಾತು ದೊಡ್ಡದು ಎನ್ನುತ್ತಾರೆ. ಎದುರಿಗೆ ನಿಂತ ಮನುಷ್ಯ ಹೀಗೆ ಅಂದುಕೊಂಡೇ ಸಾಯುವುದು ನನಗೆ ಅದಕ್ಕಿಂತ ದೊಡ್ಡದಾಗಿ ಕಂಡಿತು. ಎಲ್ಲ ಹೇಳಿಬಿಟ್ಟೆ. ಅವನು ಬಗ್ಗಿದ್ದನ್ನು ಅವಳು ನೋಡಿದ್ದು, ಗೊತ್ತಿದ್ದೂ ಹೊಡೆದದ್ದು, ಅವನ ಮುಖ ನೋಡಲು ನಾಚುತ್ತಿದ್ದದ್ದು. "ಸಿಟ್ಟಲ್ಲ ಗಿಬ್ಬಿ. ಬೈಬೇಕು ಅಂತ ಒದ್ದಾಡ್ತಿದ್ಲು. ಬೈಯೋಕೆ ಮುಖ ಇಲ್ಲ ಅಂದ್ಲು," ಎಂದೆ.

ಅವನ ಎದೆಯ ಮೇಲಿನ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ನಾನೆಂಥ ಹೆಡ್ಡಿ. ಅವನು ಈ ಕಡೆ ತಿರುಗಿದ. ಕೈಯಲ್ಲಿದ್ದ ಗಾರೆ ಜಾರಿ ನೆಲಕ್ಕೆ ಬಿತ್ತು, ಅವನಿಗೆ ಅದು ಗೊತ್ತೇ ಆಗಲಿಲ್ಲ. ಜೀವನದಲ್ಲಿ ಮೊದಲ ಬಾರಿಗೆ ಅವನು ಚೆಲ್ಲಿದ್ದನ್ನು ಒರೆಸಲು ಬಗ್ಗಲಿಲ್ಲ.

"ಅಷ್ಟೂ ದಿನ ಅದನ್ನ ಒಬ್ಬಳೇ ಹೊತ್ಕೊಂಡಿದ್ಲಾ?" ಎಂದ. "ನಾನು ಪಕ್ಕದ ಕುರ್ಚೀಲೇ ಕೂತಿದ್ದೆನಲ್ಲೇ, ಎಲ್ಸಿ. ಪಕ್ಕದ ಕುರ್ಚೀಲೇ ಕೂತಿದ್ದೆ."